ಸಂಜೆ ಐದಕ್ಕೆ ಬಂದವನ ಕೂಲಿ: ಕಾಫಿ ತೋಟದಲ್ಲಿ ಯೇಸುವಿನ ಮಾತು

ಎಲ್ರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ಇವತ್ತು ಬೈಬಲ್‌ನ ಮತ್ತಾಯ 20ನೇ ಅಧ್ಯಾಯ, ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯ ನೋಡೋಣ. ಕೊಡಗಿನವರಿಗೆ ಇದು ಬೇಗ ಮನಸ್ಸಿಗೆ ಹತ್ತುತ್ತೆ, ಯಾಕಂದ್ರೆ ಕಾಫಿ ಕುಯ್ಲಿನ ಟೈಮಲ್ಲಿ ಬೆಳಿಗ್ಗೆ ಸಿದ್ದಾಪುರ, ಗೋಣಿಕೊಪ್ಪ, ಸುಂಟಿಕೊಪ್ಪ ಎಲ್ಲಿ ನಿಂತ್ರೂ ಆಳುಗಳನ್ನ ತುಂಬ್ಕೊಂಡು ಜೀಪುಗಳು ತೋಟಕ್ಕೆ ಹೋಗೋದು ಕಾಣುತ್ತೆ.

(ಸ್ಕ್ರೀನ್ ಮೇಲೆ: ಮತ್ತಾಯ 20:1-16)

ಕಥೆ ಹೀಗಿದೆ. ತೋಟದ ಯಜಮಾನ ಬೆಳಗಾಗ್ತಿದ್ದ ಹಾಗೇ ಪೇಟೆಗೆ ಹೋಗಿ ದಿನಕ್ಕೆ ಒಂದು ದಿನಾರಿ ಅಂತ ಮಾತಾಡಿ ಆಳು ಕರ್ಕೊಂಡು ಬರ್ತಾನೆ, ದಿನಾರಿ ಅಂದ್ರೆ ಆ ಕಾಲದ ಒಂದು ದಿನದ ಕೂಲಿ, ಮನೇಲಿ ಒಲೆ ಉರಿಯೋಕೆ ಬೇಕಾಗೋಷ್ಟು. ಆಮೇಲೆ ಒಂಬತ್ತಕ್ಕೆ ಹೋಗ್ತಾನೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗ್ತಾನೆ. ಆಗಲೂ ಕೆಲವರು ಅಲ್ಲೇ ನಿಂತಿರ್ತಾರೆ. ಯಾಕ್ರಪ್ಪಾ ಸುಮ್ನೆ ನಿಂತಿದ್ದೀರಾ ಅಂದ್ರೆ ಅವರು ಹೇಳೋದು, ನಮ್ಮನ್ನ ಯಾರೂ ಕೆಲಸಕ್ಕೆ ಕರೀಲಿಲ್ಲ ಅಂತ.

ಇಲ್ಲಿ ಸ್ವಲ್ಪ ನಿಲ್ಲೋಣ. ಐದು ಗಂಟೆವರೆಗೂ ಯಾರೂ ಕರೀದೇ ಉಳ್ಕೊಳ್ಳೋರು ಯಾರು? ವಯಸ್ಸಾದವರು, ಕಾಲು ನೋವಿರೋರು, ಮಗು ಎತ್ಕೊಂಡು ಬಂದಿರೋ ಹೆಂಗಸು. ಇದು ಬೈಬಲ್‌ನಲ್ಲಿ ಬರೆದಿಲ್ಲ, ನನ್ನ ಊಹೆ, ಆದ್ರೆ ಕುಯ್ಲಿನ ಕೆಲಸ ಕಂಡವರಿಗೆ ಇದು ಗೊತ್ತು. ಕೆಜಿ ಲೆಕ್ಕದಲ್ಲಿ ಕೂಲಿ ಇರೋ ಕಡೆ ಕೈ ಚುರುಕಿರೋರು ಚೀಲ ತುಂಬಿಸ್ತಾರೆ, ಅರವತ್ತು ದಾಟಿದ ಅಜ್ಜಿ ಕೂಡ ಬೆಳಗ್ಗಿಂದ ಸಂಜೆವರೆಗೆ ಅದೇ ಇಳಿಜಾರಲ್ಲಿ ನಿಂತಿರ್ತಾರೆ, ತೂಕ ಹಾಕುವಾಗ ಮಾತ್ರ ಅವರ ಚೀಲ ಅರ್ಧ. ಇಬ್ಬರಿಗೂ ಹೊಟ್ಟೆ ಒಂದೇ ಅಲ್ವಾ? ಯಜಮಾನ ನೋಡಿದ್ದು ಆ ಹೊಟ್ಟೇನ. ಒಂದೇ ಗಂಟೆ ದುಡಿದವನಿಗೂ ಇಡೀ ದಿನಾರಿ ಕೊಟ್ಟ, ಅದೂ ಅವತ್ತೇ ಸಂಜೆ. ಕೂಲಿಯವನ ಕೂಲೀನ ಹೊತ್ತು ಮುಳುಗೋ ಮೊದ್ಲೇ ಕೊಡ್ಬೇಕು ಅಂತ ಬೈಬಲ್‌ನ ಹಳೇ ಒಡಂಬಡಿಕೆಯ ಧರ್ಮೋಪದೇಶಕಾಂಡ 24ರಲ್ಲಿ ಇದೆ, ಯೇಸುವಿನ ಕಥೇಲಿ ಯಜಮಾನ ಅದನ್ನ ತಪ್ಪಿಸಲ್ಲ.

ಸಾಮಾನ್ಯವಾಗಿ ಚರ್ಚಲ್ಲಿ ಈ ಕಥೇನ ದೇವರ ಕೃಪೆ ಬಗ್ಗೆ ಹೇಳ್ತಾರೆ, ಅದು ಸರಿನೇ. ಇದಕ್ಕೆ ಮುಂಚಿನ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರ, ನಾವು ಎಲ್ಲಾ ಬಿಟ್ಟು ನಿನ್ನ ಹಿಂದೆ ಬಂದ್ವಿ ನಮಗೇನು ಸಿಗುತ್ತೆ ಅಂತ ಕೇಳಿರ್ತಾನೆ, ಅದರ ಬೆನ್ನಲ್ಲೇ ಈ ಕಥೆ ಬರೋದು. ಆದ್ರೆ ಕೃಪೆ ಬೇಕು ನಮಗೆ, ಅದು ಭಾನುವಾರದ ಪ್ರಾರ್ಥನೇಲಿ ಇರ್ಲಿ, ಸೋಮವಾರದ ಚೆಕ್‌ರೋಲ್‌ಗೆ, ಅಂದ್ರೆ ಆಳುಗಳ ಹಾಜರಿ-ಕೂಲಿ ಪುಸ್ತಕಕ್ಕೆ, ಬರೋದು ಬೇಡ ಅಂದ್ರೆ ಹೇಗೆ? ಮತ್ತಾಯ 18ರಲ್ಲಿ ದೊಡ್ಡ ಸಾಲ ಮನ್ನಾ ಆದವನು ಹೊರಗೆ ಬಂದು ಚಿಕ್ಕ ಸಾಲದವನ ಕುತ್ತಿಗೆ ಹಿಡಿದಾಗ ಅವನಿಗೆ ಏನಾಯ್ತು ಅಂತ ಓದಿ ನೋಡಿ.

ಕೊಡಗಿನ ಕ್ರೈಸ್ತರಾದ ನಾವಂತೂ ಇದನ್ನ ಮರೀಬಾರದು. ಟಿಪ್ಪುವಿನ ಸೆರೆಯಿಂದ ತಪ್ಪಿಸ್ಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟು ವಿರಾಜಪೇಟೇಲಿ ಜಾಗ ಬಿಟ್ಟುಕೊಟ್ಟ, ಅಲ್ಲಿನ ಸಂತ ಅನ್ನಮ್ಮ ಚರ್ಚಿನ ಹಿಂದೆ ಈ ಚರಿತ್ರೆ ಇದೆ. ಅವರು ನಮ್ಮವರು ಅಲ್ಲ ಅಂತ ರಾಜ ಅವತ್ತು ಹೇಳಿದ್ರೆ? ಇವತ್ತು ಅಸ್ಸಾಮಿಂದ ಕೆಲಸಕ್ಕೆ ಬಂದವರನ್ನ ನೋಡಿ ನಮ್ಮಲ್ಲೇ ಕೆಲವರು ಮುಖ ಸಿಂಡರಿಸ್ತಾರೆ, ಅವರ ಹೆಸರೂ ಕೇಳಲ್ಲ, ನಂಗೆ ಇದು ನಿಜವಾಗ್ಲೂ ನೋವು ಕೊಡುತ್ತೆ.

ಹಾಗಾದ್ರೆ ಮಾಡೋದು ಏನು? ತೋಟ ಇರೋರಾದ್ರೆ ಮುಂಗಾರು ಹಿಡಿಯೋ ಮೊದ್ಲು ಒಂದ್ಸಲ ಆಳುಗಳು ಇರೋ ಲೈನ್ ಮನೆ ಒಳಗೆ ನೀವೇ ಹೋಗಿ ನೋಡಿ, ತೋಟದ ಲೆಕ್ಕ ನೋಡೋ ರೈಟರ್ ಹೇಳಿದ್ದು ಕೇಳಿ ಬಿಡ್ಬೇಡಿ, ಯಜಮಾನ ಕೂಡ ಪೇಟೆಗೆ ತಾನೇ ಹೋಗಿದ್ದು. ಕಾರ್ಮಿಕರಿಗೆ ಮನೆ, ಕುಡಿಯೋ ನೀರು, ಚಿಕಿತ್ಸೆ ಕೊಡ್ಬೇಕು ಅಂತ ಪ್ಲಾಂಟೇಷನ್ ಲೇಬರ್ ಆಕ್ಟ್ 1951ರಲ್ಲೇ ಬಂತು, ಅಷ್ಟು ಮಾಡಿದ್ರೆ ಕಾನೂನು ಪಾಲಿಸಿದ ಹಾಗಾಯ್ತು, ಯೇಸು ಕೇಳೋದು ಅದರ ಮುಂದಿನ ಹೆಜ್ಜೆ. ಹುಷಾರಿಲ್ದೆ ಮಲಗಿದವನ ಕೂಲಿ ಹಿಡೀಬೇಡಿ. ವಯಸ್ಸಾದವರಿಗೆ ತೂಕದ ಲೆಕ್ಕ ಬಿಟ್ಟು ದಿನಗೂಲಿ ಕೊಡಿ. ತೋಟ ಇಲ್ಲದವರ ಮನೇಲೂ ಪಾತ್ರೆ ತೊಳೆಯೋಕೆ ಅಕ್ಕ ಬರ್ತಾರೆ, ಅಂಗಡೀಲಿ ಹುಡುಗ ಇರ್ತಾನೆ, ಅವರ ವಿಷಯದಲ್ಲೂ ಇದೇ ಮಾತು.

ಇನ್ನು ಕೂಲಿ ಮಾಡೋರಿಗೂ ಈ ಕಥೇಲಿ ಮಾತಿದೆ, ಅದು ಸ್ವಲ್ಪ ಕಷ್ಟದ್ದು. ಬೆಳಿಗ್ಗೆ ಬಂದವರು, ಬಿಸಿಲಲ್ಲಿ ದುಡಿದವರು ನಾವು, ಸಂಜೆ ಬಂದವರನ್ನ ನಮ್ಮ ಸಮ ಮಾಡಿದ್ಯಲ್ಲ ಅಂತ ಗೊಣಗ್ತಾರೆ. ಅವರಿಗೆ ಒಂದು ಪೈಸೆ ಕಡಿಮೆ ಆಗಿಲ್ಲ, ಉರಿದದ್ದು ಪಕ್ಕದವನಿಗೆ ಸಿಕ್ಕಿದ್ದಕ್ಕೆ. ನಾನು ಒಳ್ಳೆಯವನಾದ್ರೆ ನಿನಗ್ಯಾಕೆ ಹೊಟ್ಟೆಕಿಚ್ಚು ಅಂತ ಯಜಮಾನ ಕೇಳ್ತಾನೆ. ಆ ಪ್ರಶ್ನೆಗೆ ಆಳು ಏನು ಉತ್ತರ ಕೊಟ್ಟ ಅಂತ ಯೇಸು ಹೇಳಲ್ಲ.

ನಿಮ್ಮ ತೋಟದಲ್ಲಿ, ಮನೇಲಿ ಯಾವ್ದು ಮಾಡೋಕಾಗುತ್ತೆ, ಯಾವ್ದು ಕಷ್ಟ ಅಂತ ಕೆಳಗೆ ಬರೀರಿ. ಮುಂದಿನ ವಾರ ಮತ್ತಾಯ 5:23-24 ತಗೊಳ್ಳೋಣ, ಕಾಣಿಕೇನ ಬಲಿಪೀಠದ ಮುಂದೆ ಬಿಟ್ಟು ಮೊದ್ಲು ಹೋಗಿ ಅಣ್ಣತಮ್ಮನ ಹತ್ರ ರಾಜಿ ಮಾಡ್ಕೋ ಅನ್ನೋ ಮಾತು, ಬೇಲಿ ಜಗಳ ಇರೋರು ಖಂಡಿತ ನೋಡಿ.