ಮಾತು ಮರೆತ ತಲೆಮಾರು

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ವಿಚಿತ್ರವನ್ನು ನೀವೂ ಗಮನಿಸಿರಬಹುದು. ಯಾರಿಗಾದರೂ ಕರೆ ಮಾಡಿದ ಕೂಡಲೇ ಫೋನಿನ ನೆತ್ತಿಯ ಮೇಲಿದ್ದ '4ಜಿ' ಮಾಯವಾಗಿ 'ಇ' ಅಥವಾ 'ಎಚ್' ಬಂದು ಕೂರುತ್ತಿತ್ತು. ಮಾತು ಮುಗಿದರೆ 4ಜಿ ಮತ್ತೆ ಹಾಜರ್. ಹೊಸ ತಂತ್ರಜ್ಞಾನ ಮಾತು ಶುರುವಾದೊಡನೆ ಏಕೆ ತಲೆಮರೆಸಿಕೊಳ್ಳುತ್ತಿತ್ತು?

4ಜಿಯ 'ಜಿ' ಎಂದರೆ ಜನರೇಷನ್, ಅಂದರೆ ತಲೆಮಾರು. ಮೊಬೈಲ್ ಜಾಲದ ಮೊದಲ ತಲೆಮಾರು ಆರಂಭವಾದದ್ದು 1979ರಲ್ಲಿ, ಟೋಕಿಯೋದ ಕಾರುಗಳಲ್ಲಿ. ಊರನ್ನು ಸಣ್ಣ ಸಣ್ಣ ಕೋಶಗಳಾಗಿ ಹಂಚಿ, ದೂರದ ಕೋಶಗಳಲ್ಲಿ ಅದೇ ತರಂಗಾಂತರವನ್ನು ಮರುಬಳಸುವ ಉಪಾಯವಿತ್ತು. ಆದರೆ ಒಬ್ಬರು ಮಾತನಾಡುವಾಗ ಒಂದು ಚಾನೆಲ್ ಪೂರ್ತಿ ಅವರದೇ. ಅವರು ಕೆಮ್ಮಿದರೂ, ಸುಮ್ಮನಿದ್ದರೂ ಅದು ಬೇರೆಯವರಿಗಿಲ್ಲ. ತಕ್ಕ ರೇಡಿಯೋ ಇದ್ದವರು ಮಾತನ್ನು ಕದ್ದು ಕೇಳಬಹುದಾಗಿತ್ತು.

1991ರಲ್ಲಿ ಫಿನ್ಲೆಂಡಿನಲ್ಲಿ ಶುರುವಾದ ಎರಡನೆಯ ತಲೆಮಾರಿನ ಜಾಲ ಜಿಎಸ್ಎಂ ಮಾತನ್ನು ಅಂಕಿಗಳಾಗಿಸಿತು. ಒಂದೇ ತರಂಗಾಂತರದಲ್ಲಿ ಎಂಟು ಮಂದಿ ಸರದಿಯಲ್ಲಿ ಮಾತನಾಡತೊಡಗಿದರು. ಐದು ಮಿಲಿಸೆಕೆಂಡಿಗೂ ಮೊದಲೇ ನಿಮ್ಮ ಸರದಿ ಮರಳುವುದರಿಂದ ಕಿವಿಗೆ ಗೊತ್ತೇ ಆಗುವುದಿಲ್ಲ. ನಾವು ಮೊದಲ ತಲೆಮಾರನ್ನು ನೋಡದೆ ನೇರ ಇಲ್ಲಿಗೇ ಬಂದವರು. 1995ರ ಜುಲೈ 31ರಂದು ಕೋಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗ ಕರೆ ಸ್ವೀಕರಿಸಿದವರೂ ಹಣ ತೆರಬೇಕಿತ್ತು. ಮಿಸ್ಡ್ ಕಾಲ್ ಎಂಬ ಭಾಷೆ ಬೆಳೆದದ್ದು ಈ ದುಬಾರಿ ಕಾಲದಲ್ಲೇ: ಎರಡು ಬಾರಿ ರಿಂಗಾಗಿ ನಿಂತರೆ ಬಸ್ ಹತ್ತಿದ್ದಾಯಿತು ಎಂದರ್ಥ. ಪೈಸೆ ಖರ್ಚಿಲ್ಲದ ಟೆಲಿಗ್ರಾಂ!

ಮೂರನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 2001ರಲ್ಲಿ ಜಪಾನಿನಲ್ಲಿ ಹುಟ್ಟಿ, ನಮ್ಮಲ್ಲಿಗೆ ತಡವಾಗಿ ಬಂದು, ಬೇಗ ಮೂಲೆ ಸೇರಿತು.

2009ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋದಲ್ಲಿ 4ಜಿ ಬಂದಾಗ ಬಳಕೆದಾರರ ಕೈಗೆ ಸಿಕ್ಕಿದ್ದು ಫೋನಲ್ಲ, ಲ್ಯಾಪ್‌ಟಾಪಿಗೆ ಚುಚ್ಚುವ ಡಾಂಗಲ್. ಈ ಜಾಲದಲ್ಲಿ ಹಳೆಯ ರೀತಿಯ ಕರೆಗೆ ಜಾಗವನ್ನೇ ಇಟ್ಟಿರಲಿಲ್ಲ. ಎಲ್ಲವೂ ದತ್ತಾಂಶದ ಪೊಟ್ಟಣಗಳು. ಫೋನಿಗಾಗಿ ಕಟ್ಟಿದ ಜಾಲ ಮಾತನ್ನೇ ಮರೆತಿತ್ತು! ಹಾಗಾಗಿ ಕರೆ ಬಂದರೆ ಫೋನು ಹಳೆಯ ಜಾಲಕ್ಕೆ ಇಳಿದು ಮಾತನಾಡಿ ಮೇಲೆ ಬರುತ್ತಿತ್ತು. ಆರಂಭದಲ್ಲಿ ಕಂಡ 2ಜಿಯ 'ಇ', 3ಜಿಯ 'ಎಚ್' ಆ ಹಳೆಯ ಮನೆಯ ವಿಳಾಸ.

ಪರಿಹಾರವಾಗಿ ಬಂದದ್ದು ವೋಲ್ಟೆ, ಅಂದರೆ ಮಾತನ್ನೂ ಪೊಟ್ಟಣ ಕಟ್ಟಿ ಕಳಿಸುವ ವಿಧಾನ. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೋಗೆ ಇಳಿಯಲು ಹಳೆಯ ಜಾಲವೇ ಇರಲಿಲ್ಲ. ಅಲ್ಲಿ ಮಾತೆಂದರೆ ದತ್ತಾಂಶವೇ. ನಿಮಿಷಕ್ಕಿಷ್ಟು ಎಂದು ಮಾತಿಗೆ ಕಟ್ಟುತ್ತಿದ್ದ ಬೆಲೆ ನಮ್ಮಲ್ಲಿ ಬಿದ್ದುಹೋದದ್ದು ಈ ಅವಧಿಯಲ್ಲಿ. ನನ್ನ ಮಟ್ಟಿಗೆ ಇದು ವೇಗ ಹೆಚ್ಚಿದ್ದಕ್ಕಿಂತ ದೊಡ್ಡ ಬದಲಾವಣೆ.

2022ರ ಅಕ್ಟೋಬರ್ 1ರಂದು ನಮ್ಮಲ್ಲಿ ಆರಂಭವಾದ 5ಜಿಯಲ್ಲೂ ಹಳೆಯ ಕಥೆ ಬಿಟ್ಟಿಲ್ಲ. ಏರ್‌ಟೆಲ್ ಆರಂಭದಲ್ಲಿ ಹಿಡಿದ ದಾರಿಯಲ್ಲಿ 5ಜಿ ನಿಲ್ಲಬೇಕಾದರೆ 4ಜಿಯ ಹೆಗಲು ಬೇಕು. ಅಲ್ಲಿ ಕರೆ ಸಾಗುವುದು 4ಜಿ ಮೇಲೆಯೇ. ಅದೇ ಟವರಿನಲ್ಲಿ ಅಜ್ಜನಂತೆ 2ಜಿಯೂ ಇದೆ, ಕೀಪ್ಯಾಡ್ ಫೋನುಗಳಿಗೆ ಈಗಲೂ ಓಗೊಡುತ್ತ.