ಹಳೇ ಫೋಟೋದಲ್ಲಿ ಮುಖ ಬಿಟ್ಟು ಅಂಚು ನೋಡಿ

ನಮಸ್ಕಾರ, ಬನ್ನಿ ಬನ್ನಿ, ಕ್ಯಾಮೆರಾ ಆಗಲೇ ಓಡುತ್ತಿದೆ. ಮೇಜಿನ ಮೇಲೆ ಏನೇನಿದೆ ಅಂತ ನಿಮಗೇ ಕಾಣುತ್ತಿದೆ. ರಟ್ಟಿನ ಡಬ್ಬಿ, ಎರಡು ಆಲ್ಬಮ್, ಭೂತಗನ್ನಡಿ, ಸ್ಕ್ಯಾನರ್. ಧೂಳು ಒರೆಸಿ ಹರಡಿದ್ದನ್ನೆಲ್ಲ ವೇಗವಾಗಿ ಓಡಿಸಿದ್ದೇನೆ, ಅದನ್ನು ವಿವರಿಸುತ್ತಾ ಕೂರುವುದಿಲ್ಲ. ನೆಂಟರೊಬ್ಬರು ಮನೆ ಖಾಲಿ ಮಾಡುವಾಗ ಇದನ್ನೆಲ್ಲ ರದ್ದಿಗೆ ಹಾಕುವುದಕ್ಕೆ ಎತ್ತಿಟ್ಟಿದ್ದರು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಹಳೇ ಫೋಟೋ ಎಸೆಯುವ ಮೊದಲು ಒಂದು ಸಲ, ಒಂದೇ ಒಂದು ಸಲ ಭೂತಗನ್ನಡಿ ಹಿಡಿದು ನೋಡಿ ಅಂತ ಹೇಳುವುದಕ್ಕೇ ಈ ವಿಡಿಯೋ.

ಮೊದಲು ಇದು. ಸ್ವಲ್ಪ ಹತ್ತಿರ ತರುತ್ತೇನೆ, ಫೋಕಸ್ ಆಗಲಿ. ಹಾಂ, ಈಗ ಸರಿ. ಮನೆ ಮುಂದೆ ಒಬ್ಬರು ದೊಡ್ಡವರು, ನಾಲ್ಕು ಮಕ್ಕಳು. ಎಲ್ಲರ ಹುಬ್ಬೂ ಗಂಟಿಕ್ಕಿದೆ, ಈ ಹುಡುಗ ಒಂದು ಕಣ್ಣನ್ನು ಮುಚ್ಚೇ ಬಿಟ್ಟಿದ್ದಾನೆ. ಸಿಟ್ಟಲ್ಲ ಅದು, ಬಿಸಿಲು. ಆಗಿನ ಸಾದಾ ಕ್ಯಾಮೆರಾಗಳಿಗೆ ಬೆಳಕು ಜಾಸ್ತಿ ಬೇಕಿತ್ತು. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ ಅಂತ ಫೋಟೋ ತೆಗೆಯುವವರಿಗೆ ಹೇಳಿಕೊಡುತ್ತಿದ್ದರು. ಅಂದಮೇಲೆ ನಿಂತವರ ಕಣ್ಣಿಗೆ ನೇರ ಬಿಸಿಲು, ಅಲ್ವಾ?

ಈಗ ಮುಖ ಬಿಡಿ, ಕೆಳಗೆ ನೆಲ ನೋಡಿ. ಅಂಚಿನಿಂದ ಒಂದು ನೆರಳು ಒಳಗೆ ಚಾಚಿಕೊಂಡಿದೆ. ಎರಡೂ ಮೊಣಕೈ ಹೊರಗೆ, ತಲೆ ಬಗ್ಗಿದೆ, ಕೈಗಳು ಹೊಟ್ಟೆಯ ಹತ್ತಿರ ಸೇರಿವೆ. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದವರ ನೆರಳು ಹೀಗೆ ಬೀಳುವುದಿಲ್ಲ. ಸೊಂಟದ ಮಟ್ಟದಲ್ಲಿ ಹಿಡಿದು, ಮೇಲಿರುವ ಪುಟ್ಟ ಗಾಜಿನಲ್ಲಿ ಬಗ್ಗಿ ನೋಡುವ ಕ್ಯಾಮೆರಾ ಅದು. ನೆರಳಿನ ಕೆಳಭಾಗ ಅಗಲವಾಗಿದೆ, ಗಾಳಿಗೆ ಬಟ್ಟೆಯ ಅಂಚು ಒಂದು ಕಡೆ ಎದ್ದಿದೆ. ಹೆಂಗಸಿನ ನೆರಳು ಅಂತಲೇ ನನಗೆ ಕಾಣುತ್ತದೆ. ಸಾಲಿನಲ್ಲಿ ಮಕ್ಕಳಿದ್ದಾರೆ, ಅಪ್ಪ ಇದ್ದಾರೆ, ಅಮ್ಮ ಇಲ್ಲ. ಬಹುಶಃ ಅಮ್ಮ ಇಲ್ಲಿ ನೆಲದ ಮೇಲಿದ್ದಾಳೆ. ಡಬ್ಬಿಯಲ್ಲಿರುವ ಎಲ್ಲ ಫೋಟೋಗಳಲ್ಲಿ ನನಗೆ ಇದೇ ಇಷ್ಟ. ಇಲ್ಲ, ತಡೆಯಿರಿ, ಬಟ್ಟೆ ಒಣಗಿಹಾಕಿರುವ ಫೋಟೋ ಒಂದಿದೆ, ಅದೂ ಇಷ್ಟ. ಆಮೇಲೆ ತೋರಿಸುತ್ತೇನೆ.

ಇಂಥ ಫೋಟೋಗಳು ಇಷ್ಟೊಂದು ಉಳಿಯುವುದಕ್ಕೆ ಕಾರಣ ಇದೆ. 1888ರಲ್ಲಿ ಕೊಡಾಕ್ ಕ್ಯಾಮೆರಾ ಬಂತು, ಒಳಗೆ 100 ಫೋಟೋಗೆ ಆಗುವಷ್ಟು ಫಿಲ್ಮ್ ಮೊದಲೇ ತುಂಬಿರುತ್ತಿತ್ತು. ಮುಗಿದಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು. ಅವರು ಫೋಟೋ ತೊಳೆದು, ಹೊಸ ಫಿಲ್ಮ್ ತುಂಬಿ ವಾಪಸ್ ಕಳಿಸುತ್ತಿದ್ದರು. ಆ ಮೊದಲ ಫೋಟೋಗಳು ದುಂಡಗಿರುತ್ತಿದ್ದವು. 1900ರಲ್ಲಿ ಬ್ರೌನಿ ಬಂತು, ರಟ್ಟಿನ ಡಬ್ಬಿ, ತುಂಬಾ ಅಗ್ಗ, ಮಕ್ಕಳ ಕೈಗೂ ಸಿಕ್ಕಿತು. ಅಲ್ಲಿಗೆ ಸ್ಟುಡಿಯೋಗೆ ಹೋಗಿ ಬಿಗಿಯಾಗಿ ಕೂರುವ ಕಾಲ ಸಡಿಲವಾಯಿತು. ಬೆಕ್ಕು, ಬಕೆಟ್ಟು, ಬಾಗಿಲಲ್ಲಿ ನಿಂತ ಪಕ್ಕದ ಮನೆಯವರು, ಎಲ್ಲರೂ ಚಿತ್ರದೊಳಗೆ ಬಂದರು. ದೊಡ್ಡ ದೊಡ್ಡ ಮೆರವಣಿಗೆಯ ಫೋಟೋಗಳಿಗಿಂತ ಈ ಬಕೆಟ್ಟು ನನಗೆ ಮುಖ್ಯ. ಯಾಕೆಂದರೆ ಮೆರವಣಿಗೆಯನ್ನು ಯಾರಾದರೂ ಬರೆದಿಟ್ಟಿರುತ್ತಾರೆ. ಬಕೆಟ್ಟು ಎಲ್ಲಿಡುತ್ತಿದ್ದರು ಅಂತ ಯಾರು ಬರೆಯುತ್ತಾರೆ?

ಯಾರೂ ಬರೆದಿಡದ ಇಂಥ ಸಾಮಾನ್ಯ ಸಂಗತಿ ಅಂದಾಗ ಪ್ಯಾರಿಸ್ಸಿನ ಒಂದು ಬೀದಿಯ ಫೋಟೋ ನೆನಪಾಯಿತು. ಬುಲ್ವಾರ್ ದ್ಯು ತಾಂಪ್ಲ್, 1838, ತೆಗೆದವರು ಫೋಟೋ ತೆಗೆಯುವ ವಿಧಾನ ಕಂಡುಹಿಡಿದ ಮೊದಲಿಗರಲ್ಲಿ ಒಬ್ಬರಾದ ದಾಗೇರ್. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡಿದ ಚಿತ್ರ. ಗಾಡಿ, ಕುದುರೆ, ಜನ ಎಲ್ಲ ಗಿಜಿಗುಡುವ ಬೀದಿ ಅದು, ಚಿತ್ರದಲ್ಲಿ ಮಾತ್ರ ಖಾಲಿ ಖಾಲಿ. ತಗಡು ಕೆಲವು ನಿಮಿಷ ಬೆಳಕಿಗೆ ತೆರೆದಿರಬೇಕಿತ್ತು, ಓಡಾಡುವವರು ಯಾರೂ ಅದರಲ್ಲಿ ಉಳಿಯಲೇ ಇಲ್ಲ. ಒಬ್ಬ ಮಾತ್ರ ಎಡಗಡೆ ಕೆಳಗೆ ಸ್ಪಷ್ಟವಾಗಿ ನಿಂತಿದ್ದಾನೆ, ಒಂದು ಕಾಲು ಮೇಲಿಟ್ಟುಕೊಂಡು. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದಾನೆ. ಪಾಲಿಶ್ ಮಾಡುತ್ತಿರುವವನೂ ಮಸುಕಾಗಿ ಕಾಣುತ್ತಾನೆ. ಫೋಟೋದಲ್ಲಿ ಗುರುತಿಸಲು ಸಾಧ್ಯವಾದ ಮೊದಲ ಮನುಷ್ಯರು ಇವರೇ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಯೋಚನೆ ಮಾಡಿ, ರಾಜನಲ್ಲ, ಸೇನಾಪತಿಯಲ್ಲ. ಬೂಟು ಕೊಳೆಯಾಗಿದ್ದ ಒಬ್ಬ, ಅದನ್ನು ಒರೆಸಿ ಹೊಟ್ಟೆ ಹೊರೆಯುತ್ತಿದ್ದ ಇನ್ನೊಬ್ಬ. ಇಬ್ಬರಿಗೂ ಈ ವಿಷಯ ಗೊತ್ತೇ ಇರಲಿಲ್ಲ ಅನ್ನಿಸುತ್ತದೆ. ಈ ಚಿತ್ರದ ಬಗ್ಗೆ ಇಡೀ ದಿನ ಮಾತಾಡಬಲ್ಲೆ, ಆದರೆ ದೃಶ್ಯ ಬದಲಾಯಿತು, ಆಲ್ಬಮ್ ಬಂತು.

ಅಯ್ಯೋ, ಈ ಆಲ್ಬಮ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಕ್ಷಮಿಸಿ, ಇಡೀ ಬೆಳಗ್ಗೆ ಇದೇ ತಿಂದು ಹಾಕಿತು. ದಪ್ಪ ಪುಟ, ಪುಟದ ಮೇಲೆ ಗೀರು ಗೀರಾಗಿ ಅಂಟು, ಮೇಲೆ ಎತ್ತಿ ಮುಚ್ಚುವ ಪ್ಲಾಸ್ಟಿಕ್ ಹಾಳೆ. ಮ್ಯಾಗ್ನೆಟಿಕ್ ಆಲ್ಬಮ್ ಅನ್ನುತ್ತಿದ್ದರು, ಅದರಲ್ಲಿ ಮ್ಯಾಗ್ನೆಟ್ ಏನೂ ಇಲ್ಲ. 1970, 80ರ ದಶಕಗಳಲ್ಲಿ ಇದು ಮನೆಮನೆಯಲ್ಲೂ ಇತ್ತು. ಮೂಲೆಗೆ ಕಾಗದದ ತ್ರಿಕೋನ ಅಂಟಿಸುವ ಗೋಜಿಲ್ಲ, ಸುಮ್ನೆ ಇಟ್ಟು ಒತ್ತಿದರೆ ಆಯಿತು. ಸುಲಭ ಆಯಿತು ಅಂತಲೇ ಎಲ್ಲರೂ ಹಳೇ ಒಳ್ಳೇ ಆಲ್ಬಮ್‌ಗಳಿಂದ ಫೋಟೋ ಕಿತ್ತು ಇದರೊಳಗೆ ತುಂಬಿದರು. ಫೋಟೋಗಳಿಗೆ ಇಷ್ಟು ಕೆಟ್ಟದ್ದು ಮಾಡಿದ ವಸ್ತು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದೇನೆ, ಇಲ್ಲವೇ ಇಲ್ಲ.

ನೋಡಿ, ಈ ಕಂದು ಗೆರೆಗಳು. ಅಂಟು ವರ್ಷಗಟ್ಟಲೆ ಕೂತು ಹಳದಿಯಾಗಿ, ಫೋಟೋದ ಬೆನ್ನಿಗೆ ಇಳಿದಿದೆ. ಕೆಲವು ಕಡೆ ಅಂಟು ಒಣಗಿ ಫೋಟೋ ತಾನೇ ಉದುರುತ್ತದೆ, ಕೆಲವು ಕಡೆ ಕಲ್ಲಿನಂತೆ ಹಿಡಿದು ಕೂತಿದೆ. ಒಂದೇ ಪುಟದಲ್ಲಿ ಎರಡೂ! ಮೇಲಿನ ಪ್ಲಾಸ್ಟಿಕ್ಕು ಪಿವಿಸಿ ಅನ್ನುವ ಬಗೆಯದ್ದಾಗಿದ್ದರೆ ಇನ್ನೂ ಕಷ್ಟ, ಅದರಿಂದ ಹೊರಬರುವ ರಾಸಾಯನಿಕ ಫೋಟೋಗೆ ಒಳ್ಳೆಯದಲ್ಲ, ಕೊನೆಗೆ ಫೋಟೋದ ಮೇಲ್ಮೈಗೇ ಅಂಟಿಕೊಳ್ಳುತ್ತದೆ. ಈ ಫೋಟೋದ ಮೂಲೆ ಹರಿದಿದೆ ನೋಡಿ, ಹಿಂದೆ ಯಾರೋ ಬೆರಳಿಂದ ಎಳೆದಿದ್ದಾರೆ. ಹರಿದ ಮೂಲೆ ಪುಟದಲ್ಲೇ ಉಳಿದಿದೆ, ಅದರಲ್ಲಿ ಅರ್ಧ ಕೈ ಇದೆ. ಯಾರ ಭುಜದ ಮೇಲೆ ಯಾರು ಕೈ ಇಟ್ಟಿದ್ದರು ಅನ್ನುವುದೇ ಈ ಚಿತ್ರದ ಜೀವ, ಅದೇ ಎರಡು ತುಂಡು. ನನಗೆ ಎಷ್ಟು ಸಂಕಟ ಆಯಿತು ಅಂದರೆ ಸ್ವಲ್ಪ ಹೊತ್ತು ಎದ್ದು ಓಡಾಡಿ ಬಂದೆ.

ಈಗ ಕಾಣುತ್ತಿರುವುದು ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರ, ಮೇಣ ಹಚ್ಚದೇ ಇರುವುದು. ಫೋಟೋದ ಕೆಳಗೆ ಒಂದು ಮೂಲೆಯಿಂದ ತೂರಿಸಿ, ಗರಗಸದ ಹಾಗೆ ಆಚೆ ಈಚೆ ಮೆಲ್ಲಗೆ ಎಳೆಯಬೇಕು. ಫೋಟೋವನ್ನು ಬಗ್ಗಿಸಬಾರದು, ಬಗ್ಗಿಸಿದರೆ ಮೇಲಿನ ಪದರ ಬಿರುಕು ಬಿಡುತ್ತದೆ. ನೀರು ಬೇಡ. ಆ ಸ್ಪ್ರೇ ಈ ಸ್ಪ್ರೇ ಏನೂ ಬೇಡ. ಯಾವ ಫೋಟೋ ಜಗ್ಗುವುದಿಲ್ಲವೋ ಅದನ್ನು ಪುಟದ ಸಮೇತ ಸ್ಕ್ಯಾನ್ ಮಾಡಿ ಹಾಗೇ ಬಿಟ್ಟುಬಿಡಿ. ಇನ್ನೊಂದು ಮಾತು, ಕೀಳುವ ಮೊದಲು ಇಡೀ ಪುಟದ ಫೋಟೋ ತೆಗೆದಿಡಿ. ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದರು ಅನ್ನುವುದರಲ್ಲೂ ವಿಷಯ ಇರುತ್ತದೆ, ಆಲ್ಬಮ್ ಜೋಡಿಸಿದವರಿಗೆ ಆ ಎರಡು ಮುಖಗಳ ನಡುವೆ ಏನೋ ಸಂಬಂಧ ಗೊತ್ತಿತ್ತು.

ಹಾಂ, ಬಣ್ಣದ ಫೋಟೋ ಬಂತು. ಕೆಂಪು ಕೆಂಪಾಗಿದೆ ಅಲ್ವಾ, ಎಲ್ಲರೂ ಸಂಜೆ ಬೆಳಕಿನಲ್ಲಿ ನಿಂತ ಹಾಗೆ. ಸಂಜೆ ಅಲ್ಲ. ಆಗಿನ ಬಹಳಷ್ಟು ಬಣ್ಣದ ಪ್ರಿಂಟ್‌ಗಳಲ್ಲಿ ಸಯಾನ್, ಅಂದರೆ ಹಸಿರು ಬೆರೆತ ನೀಲಿ ಬಣ್ಣ, ಕತ್ತಲಲ್ಲಿಟ್ಟರೂ ಮೊದಲು ಮಾಸುತ್ತದೆ, ಉಳಿದದ್ದು ಕೆಂಪಗೆ ಕಾಣುತ್ತದೆ. ಅದೇ ಡಬ್ಬಿಯ ಕಪ್ಪು ಬಿಳುಪು ಫೋಟೋ ನೋಡಿ, ಇದಕ್ಕಿಂತ ಎಷ್ಟೋ ಹಳೆಯದು, ಗಟ್ಟಿಯಾಗಿದೆ. ಬೆಳ್ಳಿಯ ಕಣಗಳಿಂದ ಮೂಡಿದ ಚಿತ್ರ ಅದು, ಸರಿಯಾಗಿ ತೊಳೆದಿದ್ದರೆ ಬಾಳುತ್ತದೆ. ಮೊಮ್ಮಕ್ಕಳಿಗಿಂತ ಅಜ್ಜ ಸ್ಪಷ್ಟವಾಗಿ ಕಾಣುತ್ತಾರೆ.

ಮುಂದೆ ಸ್ಟುಡಿಯೋ ಚಿತ್ರಗಳು. ದಪ್ಪ ರಟ್ಟಿಗೆ ಅಂಟಿಸಿದ ಪುಟ್ಟ ಫೋಟೋಗಳನ್ನು ಕಾರ್ತ್ ದ ವಿಸೀತ್ ಅನ್ನುತ್ತಾರೆ, ಪ್ಯಾರಿಸ್ಸಿನ ದಿಸ್ದೇರಿ 1854ರಲ್ಲಿ ಪೇಟೆಂಟ್ ಪಡೆದ ಪದ್ಧತಿ. ಒಂದೇ ಗಾಜಿನ ಮೇಲೆ ಹಲವು ಚಿತ್ರ, ಹಾಗಾಗಿ ಅಗ್ಗ. ಜನ ಸ್ನೇಹಿತರಿಗೆ ಹಂಚುತ್ತಿದ್ದರು, ಕೂಡಿಡುತ್ತಿದ್ದರು. ಆ ಕಾಗದಕ್ಕೆ ಮೊಟ್ಟೆಯ ಬಿಳಿಭಾಗ ಹಚ್ಚುತ್ತಿದ್ದರು, ಅದೇ ಈ ಹೊಳಪು.

ಈ ವ್ಯಕ್ತಿಯ ಬೂಟಿನ ಹಿಂದೆ ಕಬ್ಬಿಣದ ಪಾದ ಒಂದು ಕಾಣುತ್ತಿದೆ. ಕುತ್ತಿಗೆಯ ಹಿಂದೆ ಆಸರೆ ಕೊಡುವ ಸ್ಟ್ಯಾಂಡ್ ಅದು, ಕೆಲವು ಸೆಕೆಂಡು ತಲೆ ಅಲ್ಲಾಡಬಾರದು ಅಂತ. ಇದನ್ನು ತೋರಿಸಿ "ಹೆಣವನ್ನು ನಿಲ್ಲಿಸಿ ತೆಗೆದ ಫೋಟೋ" ಅಂತ ಹೇಳುವ ವಿಡಿಯೋಗಳು ಸಾಕಷ್ಟಿವೆ. ಶುದ್ಧ ಸುಳ್ಳು. ಆ ಸ್ಟ್ಯಾಂಡಿಗೆ ಹೆಣದ ಭಾರ ಹೊರುವ ಶಕ್ತಿಯೇ ಇಲ್ಲ. ತೀರಿಹೋದವರ ಫೋಟೋ ತೆಗೆಯುತ್ತಿದ್ದದ್ದು ನಿಜ, ಆದರೆ ಅವರನ್ನು ಹೆಚ್ಚಾಗಿ ಮಲಗಿಸಿರುತ್ತಿದ್ದರು. ಸ್ಟ್ಯಾಂಡ್ ಕಂಡರೆ ಅಲ್ಲಿದ್ದವರು ಬದುಕಿದ್ದರು ಅಂತಲೇ ಅರ್ಥ. ಯಾರದೋ ಮನೆಯ ಜೀವಂತ ಮನುಷ್ಯನನ್ನು ಲೈಕಿಗಾಗಿ ಹೆಣ ಮಾಡುವುದು ನನಗೆ ಸಹಿಸುವುದಕ್ಕೆ ಆಗುವುದಿಲ್ಲ. ಮಕ್ಕಳ ಫೋಟೋಗಳಲ್ಲಂತೂ ಬಟ್ಟೆ ಮುಚ್ಚಿಕೊಂಡ ಒಂದು ಆಕಾರ ಕುರ್ಚಿಯ ಹಾಗೆ ಹಿಂದೆ ಕೂತಿರುತ್ತದೆ. ಅದು ಸಾಮಾನ್ಯವಾಗಿ ಮಗುವನ್ನು ಅಲ್ಲಾಡದಂತೆ ಹಿಡಿದುಕೊಂಡ ತಾಯಿ. ಮತ್ತೆ ಅಂಚಿನಲ್ಲಿ ಅಮ್ಮ, ನೋಡಿ.

ಕಪ್ಪು ಬಿಳುಪು ಫೋಟೋಗೆ ಕಂಪ್ಯೂಟರ್‌ನಲ್ಲಿ ಬಣ್ಣ ಹಾಕಬೇಕಾ ಬೇಡವಾ ಅಂತ ಸುಮಾರು ಜನ ಕೇಳಿದ್ದೀರಿ. ಬೇಡ. ಬೇಡವೇ ಬೇಡ. ಆಗ ಫೋಟೋ ತೆಗೆಯುವುದಕ್ಕೆ ಬಳಸುತ್ತಿದ್ದ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದವು. ನೀಲಿ ಬಟ್ಟೆ ಬಿಳಿಯಾಗಿ, ಕೆಂಪು ಬಟ್ಟೆ ಕಪ್ಪಾಗಿ ಬರುತ್ತಿತ್ತು, ಆಕಾಶವಂತೂ ಬರೀ ಬಿಳಿ. ನಾವು ಶೋಕದ ಕಪ್ಪು ಬಟ್ಟೆ ಅಂದುಕೊಳ್ಳುವುದು ಗಾಢ ಕೆಂಪು ಇದ್ದಿರಬಹುದು. ಕಂಪ್ಯೂಟರ್ ಅದಕ್ಕೆ ಯಾವ ಬಣ್ಣ ಹಾಕಿದರೂ ಊಹೆಯೇ. ಆದರೂ... ಈ ಫೋಟೋಗೆ ಬಣ್ಣ ಹಾಕಿದ್ದನ್ನು ತೋರಿಸಿದಾಗ ನಮ್ಮ ಮನೆಯ ಚಿಕ್ಕ ಹುಡುಗಿ ಮೊದಲ ಸಲ "ಇವರು ಯಾರು?" ಅಂತ ಕೇಳಿದಳು. ಅಲ್ಲಿಯವರೆಗೆ ತಿರುಗಿಯೂ ನೋಡಿರಲಿಲ್ಲ. ಹಾಗಾಗಿ ಸರಿ, ಹಾಕಿ, ಮೂಲವನ್ನು ಹಾಗೇ ಇಟ್ಟುಕೊಂಡು, ಬಣ್ಣ ಆಮೇಲೆ ಹಾಕಿದ್ದು ಅಂತ ಬರೆದು ಹಾಕಿ. ಮಸುಕಾದ ಮುಖವನ್ನು ಸ್ಪಷ್ಟ ಮಾಡಿಕೊಡುವ ಆಪ್ ಮಾತ್ರ ಬೇಡ. ಅದು ಇಲ್ಲದ ಕಣ್ಣು, ಇಲ್ಲದ ಹಲ್ಲು ಬರೆದು ಕೊಡುತ್ತದೆ. ಆ ಮುಖ ನಿಮ್ಮ ಅಜ್ಜಿಯದ್ದಲ್ಲ.

ಇದು ಬಟ್ಟೆ ಒಣಗಿಹಾಕಿದ ಫೋಟೋ, ಮಾತು ಕೊಟ್ಟಿದ್ದೆ. ಮುಂದೆ ಯಾರೋ ಸೈಕಲ್ ಹಿಡಿದು ನಿಂತಿದ್ದಾರೆ, ಅದು ಬಿಡಿ. ಹಿಂದೆ ಹಗ್ಗದ ಮೇಲೆ ಒಂದೇ ಥರದ ಪುಟ್ಟ ಅಂಗಿಗಳು, ದೊಡ್ಡದರಿಂದ ಚಿಕ್ಕದಕ್ಕೆ. ಒಂದೇ ಬಟ್ಟೆಯಲ್ಲಿ ಎಲ್ಲರಿಗೂ ಹೊಲಿದಿದ್ದಾರೆ. ಮೊಣಕೈ ಹತ್ತಿರ ತೇಪೆ ಬೇರೆ. ಮನೆಯಲ್ಲಿ ಎಷ್ಟು ಮಕ್ಕಳು, ಕೈಯಲ್ಲಿ ಎಷ್ಟು ದುಡ್ಡು, ಹೊಲಿಗೆ ಯಾರು ಮಾಡುತ್ತಿದ್ದರು, ಇದೆಲ್ಲ ಆ ಹಗ್ಗದ ಮೇಲಿದೆ.

ಸ್ಕ್ಯಾನರ್ ಸದ್ದು ಮಾಡುತ್ತಿದೆ, ಬೇಗ ಹೇಳಿಬಿಡುತ್ತೇನೆ. ನಾನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿ, ಟಿಫ್ ಅನ್ನುವ ಬಗೆಯ ಫೈಲ್ ಆಗಿ ಉಳಿಸುತ್ತೇನೆ. ಮುಂಭಾಗ ಮಾಡಿದ ಮೇಲೆ ತಿರುಗಿಸಿ ಬೆನ್ನೂ ಸ್ಕ್ಯಾನ್ ಮಾಡುತ್ತೇನೆ, ದಯವಿಟ್ಟು ನೀವೂ ಮಾಡಿ. ಅಂಚಿನಲ್ಲಿ ತಿಂಗಳು, ವರ್ಷ ಅಚ್ಚಾಗಿದ್ದರೆ ಪೂರ್ತಿ ನಂಬಬೇಡಿ, ಅದು ಪ್ರಿಂಟ್ ಹಾಕಿದ ತಿಂಗಳು. ಫಿಲ್ಮ್ ಕ್ಯಾಮೆರಾದೊಳಗೇ ತಿಂಗಳುಗಟ್ಟಲೆ ಕೂತಿರಬಹುದು.

ಬೆನ್ನಿನ ಬರಹ ಅಂದರೆ ಲೂಯಿಸ್ ಹೈನ್ ಹೆಸರು ಹೇಳಲೇಬೇಕು. 1908ರಿಂದ ಅಮೆರಿಕದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಗಿರಣಿ, ಗಣಿ ಸುತ್ತಿ ದುಡಿಯುವ ಮಕ್ಕಳ ಫೋಟೋ ತೆಗೆದವರು. ಮೇಲ್ವಿಚಾರಕರಿಗೆ ಗೊತ್ತಾಗದ ಹಾಗೆ ತಮ್ಮ ಅಂಗಿಯ ಗುಂಡಿಗಳ ಲೆಕ್ಕದಲ್ಲಿ ಮಕ್ಕಳ ಎತ್ತರ ಅಳೆಯುತ್ತಿದ್ದರು. ಸಾಧ್ಯವಾದಾಗಲೆಲ್ಲ ಹೆಸರು, ವಯಸ್ಸು, ಕೆಲಸ ಬರೆದಿಡುತ್ತಿದ್ದರು. ಆ ಬರಹ ಇಲ್ಲದಿದ್ದರೆ ಅವು ಬರೀ ಕೊಳೆ ಮುಖದ ಮಕ್ಕಳ ಚಿತ್ರಗಳು. ಬರಹ ಇದ್ದದ್ದರಿಂದ ಸಾಕ್ಷಿಯಾದವು, ಎಷ್ಟೋ ವರ್ಷ ಆದಮೇಲೂ ಆ ಮಕ್ಕಳ ವಂಶದವರನ್ನು ಹುಡುಕುವುದಕ್ಕೆ ಸಾಧ್ಯವಾಯಿತು.

ಈ ಡಬ್ಬಿಯಲ್ಲಿ ಬಹಳಷ್ಟು ಫೋಟೋಗಳ ಬೆನ್ನು ಖಾಲಿ. ಹೆಸರು ಗೊತ್ತಿರುವವರು ಇನ್ನೂ ಇದ್ದಾರೆ, ನಾಳೆ ಫೋನ್ ಮಾಡಿ ಒಂದೊಂದಾಗಿ ಕೇಳುತ್ತೇನೆ, ಆ ಮಾತುಕತೆ ರೆಕಾರ್ಡ್ ಆಗುತ್ತದೆ, ಅವರು ಒಪ್ಪಿದರೆ ಮುಂದಿನ ವಿಡಿಯೋದಲ್ಲಿ ಹಾಕುತ್ತೇನೆ. ನೀವು ಬರೆಯುವುದಾದರೆ ಮೆದು ಪೆನ್ಸಿಲ್ ತಗೊಳ್ಳಿ, ಗಟ್ಟಿ ಮೇಜಿನ ಮೇಲಿಟ್ಟು, ಒತ್ತದೆ, ಅಂಚಿನ ಹತ್ತಿರ ಬರೆಯಿರಿ. ಬಾಲ್ ಪೆನ್ ಬೇಡ, ಗೀರು ಮುಂದಕ್ಕೆ ಮೂಡುತ್ತದೆ. ಹೊಳಪಿನ ಪ್ಲಾಸ್ಟಿಕ್ ಥರದ ಕಾಗದಕ್ಕೆ ಪೆನ್ಸಿಲ್ ಹಿಡಿಯದಿದ್ದರೆ ಲಕೋಟೆಯ ಮೇಲೆ ಬರೆದು ಫೋಟೋವನ್ನು ಅದರೊಳಗೆ ಹಾಕಿ. ಮೊದಲು ಬರೆಯಿರಿ, ಆಮೇಲೆ ಒಳಗೆ ಹಾಕಿ. ಸರಿ, ಬ್ಯಾಟರಿ ಕೆಂಪು ತೋರಿಸುತ್ತಿದೆ, ಎರಡನೇ ಆಲ್ಬಮ್ ಇನ್ನೂ ಮುಟ್ಟಿಲ್ಲ, ಇಲ್ಲಿಗೆ ನಿಲ್ಲಿಸುತ್ತೇನೆ.