ಉಪ್ಪುನೀರಿನ ಗದ್ದೆಯಲ್ಲಿ ಭತ್ತ ಬೆಳೆಯುತ್ತಾ? ಕುಮಟಾ–ಗೋಕರ್ಣ ಟ್ರೆಕ್‌ನ ಊಟದ ಕಥೆ

[ಶುರು. ಕ್ಯಾಮೆರಾ ಎದುರು. ಮೇಜಿನ ಮೇಲೆ ಒಂದು ಬಟ್ಟಲು ಗಂಜಿ, ಪಕ್ಕದಲ್ಲಿ ಉಪ್ಪಿನಕಾಯಿ ಜಾಡಿ.]

ನಮಸ್ಕಾರ. ಬಸವೇಶ್ವರನಗರದಿಂದ ನಮ್ಮ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. "ಸರ್, ಕುಮಟಾದಿಂದ ಗೋಕರ್ಣಕ್ಕೆ ಕಡಲ ಪಕ್ಕದ ಗುಡ್ಡಗಳ ಟ್ರೆಕ್ ಇದೆಯಂತೆ. ಗೈಡ್ ಇರ್ತಾರಂತೆ, ಲೋಕಲ್ ಊಟದ ರುಚಿಯೂ ತೋರಿಸ್ತಾರಂತೆ. ಉಪ್ಪುನೀರಿನ ಗದ್ದೆಯಲ್ಲಿ ಬೆಳೆದ ಅಕ್ಕಿಯ ಗಂಜಿ ಕೊಡ್ತೀವಿ ಅಂತ ಬರೆದಿದ್ದಾರೆ. ಇದು ನಿಜಾನಾ, ಇಲ್ಲಾ ಬಿಲ್ಡಪ್ಪಾ?"

ಮುಕ್ಕಾಲು ಭಾಗ ನಿಜ. ಉಳಿದ ಕಾಲು ಭಾಗ ಬಿಲ್ಡಪ್ಪು. ಮುಕ್ಕಾಲಲ್ಲಿ ಒಳ್ಳೆಯ ಕಥೆ ಇದೆ, ಅದಕ್ಕೇ ಈ ವಿಡಿಯೋ.

[ಟೈಟಲ್ ಮ್ಯೂಸಿಕ್. ಚಿಕ್ಕದಾಗಿ ಇರಲಿ, ಹೋದ ಸಲ ಬೈಸಿಕೊಂಡಿದ್ದೇವೆ.]

ಮೊದಲು ದಾರಿ. ಬೇಗ ಹೇಳಿ ಮುಗಿಸುತ್ತೇನೆ, ಇದೆಲ್ಲ ನಿಮಗೆ ಹುಡುಕಿದರೆ ಸಿಗುತ್ತೆ. ಬೆಂಗಳೂರಿನಿಂದ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕುಮಟಾದಲ್ಲಿ ಇಳಿಯಬಹುದು. ಅಲ್ಲಿಂದ ವನ್ನಳ್ಳಿ, ಕಡ್ಲೆ, ಬಾಡ ದಾಟಿ ಅಘನಾಶಿನಿ ಅನ್ನುವ ಊರು. ನದಿಯ ಹೆಸರೂ ಅದೇ. ದೋಣಿಯಲ್ಲಿ ನದಿ ದಾಟಿದರೆ ತದಡಿ. ಆಮೇಲೆ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣ. ಆರಾಮಾಗಿ ನಡೆದರೆ ಎರಡು ದಿನ.

ಗುಡ್ಡ ಅಂದ ಕೂಡಲೇ ಕುಮಾರ ಪರ್ವತ ಅಂದುಕೊಂಡು ಹೆದರಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ. ಈ ಟ್ರೆಕ್‌ನಲ್ಲಿ ಸಿಗುವ ಯಾವ ಗುಡ್ಡವೂ ನಿಮ್ಮ ಮನೆಯ ಗ್ರೌಂಡ್ ಫ್ಲೋರ್‌ನಷ್ಟು ಎತ್ತರ ಇಲ್ಲ. ಕಷ್ಟ ಬರುವುದು ಎತ್ತರದಿಂದ ಅಲ್ಲ, ಹತ್ತಿ ಇಳಿದು, ಹತ್ತಿ ಇಳಿದು. ಒಂದು ಬೀಚ್ ಮುಗಿಯುತ್ತಿದ್ದಂತೆ ಒಂದು ಗುಡ್ಡ ಸೀದಾ ನೀರಿಗೆ ಕಾಲು ಚಾಚಿ ಕೂತಿರುತ್ತೆ. ಅದರ ತಲೆ ಮಾತ್ರ ಚಪ್ಪಟೆ, ಕೆಂಪು, ತೂತು ತೂತು ಕಲ್ಲು. ಅದೇ ಚಿರೆಕಲ್ಲು, ಜಂಬಿಟ್ಟಿಗೆ. ನೆಲದಿಂದ ಕಡಿಯುವಾಗ ಮೆತ್ತಗೆ ಇದ್ದು, ಗಾಳಿಗೆ ಇಟ್ಟರೆ ಗಟ್ಟಿಯಾಗುವ ಕಲ್ಲು. ಮಧ್ಯಾಹ್ನ ಹನ್ನೆರಡಕ್ಕೆ ಅದರ ಮೇಲೆ ನಡೆದರೆ ಶೂ ಒಳಗಿನ ಕಾಲೂ ಬೇಯುತ್ತೆ. ಟೋಪಿ ಇರಲಿ, ನೀರು ಜಾಸ್ತಿ ಇರಲಿ.

ಸರಿ. ಈಗ ಅಕ್ಕಿ.

[ಗಂಜಿ ಬಟ್ಟಲಿನ ಕ್ಲೋಸಪ್.]

ಈ ಅಕ್ಕಿಯ ಹೆಸರು ಕಗ್ಗ. ಬೆಳೆಯುವುದು ಅಘನಾಶಿನಿ ಸಮುದ್ರ ಸೇರುವ ಜಾಗದ ಅಕ್ಕಪಕ್ಕ, ಮಾಣಿಕಟ್ಟದಂಥ ಊರುಗಳಲ್ಲಿ. ಅಲ್ಲಿನ ತಗ್ಗು ಗದ್ದೆಗಳಿಗೆ ಗಜನಿ ಅನ್ನುತ್ತಾರೆ. ದಿನಕ್ಕೆ ಎರಡು ಸಲ ಸಮುದ್ರದ ಉಬ್ಬರ ನದಿಯ ಒಳಗೆ ನುಗ್ಗುತ್ತೆ, ಗಜನಿಯ ಕಟ್ಟದ ತನಕ ಉಪ್ಪುನೀರು ಬರುತ್ತೆ.

ಉಪ್ಪು ಇದ್ದರೆ ಭತ್ತಕ್ಕೆ ಏನು ತೊಂದರೆ? ಇಲ್ಲಿ ನನ್ನ ಜಾಡಿ ಬರುತ್ತೆ.

[ಜಾಡಿ ಮುಚ್ಚಳ ತೆಗೆಯುವುದು. ಎಡಿಟರ್ ಗಮನಿಸಿ: ಈ ಭಾಗ ಕತ್ತರಿಸಬಾರದು.]

ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದನ್ನು ನೋಡಿದ್ದೀರಾ? ಗಟ್ಟಿ, ನುಣುಪು, ಹಸಿರು ಮಿಡಿ. ತೊಟ್ಟಿನ ಹತ್ತಿರ ಮುರಿದರೆ ಸೊನೆ ಚಿಮ್ಮುತ್ತೆ, ಮೂಗಿಗೆ ಘಮ್ ಅನ್ನುತ್ತೆ. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು, ಹೀಗೆ ಜಾಡಿ ತುಂಬಿ ಬಟ್ಟೆ ಕಟ್ಟಿಡುತ್ತಾರೆ. ನೀರು ಒಂದು ಹನಿಯೂ ಹಾಕಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಜಾಡಿಯಲ್ಲಿ ನೀರೋ ನೀರು. ಮಿಡಿ ಮಾತ್ರ ತೊಂಬತ್ತು ವರ್ಷದ ಅಜ್ಜನ ಕೆನ್ನೆಯ ಹಾಗೆ ಸುಕ್ಕು. ಆ ನೀರು ಎಲ್ಲಿಂದ ಬಂತು? ಮಿಡಿಯ ಒಳಗಿಂದ. ಹೊರಗೆ ಉಪ್ಪು ಜಾಸ್ತಿ ಆದರೆ ಒಳಗಿನ ನೀರು ಹೊರಗೆ ಹೋಗುತ್ತೆ. ಮಾತಾಡುತ್ತಾ ಆಡುತ್ತಾ ನನಗೇ ಬಾಯಲ್ಲಿ ನೀರು ಬಂತು. ಅದು ಬೇರೆ ವಿಜ್ಞಾನ.

ಭತ್ತದ ಬೇರಿಗೂ ಇದೇ ಗತಿ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದರೆ ಬೇರು ನೀರು ಎಳೆದುಕೊಳ್ಳಲಾರದು. ಮೊಣಕಾಲುದ್ದ ನೀರಿನಲ್ಲಿ ನಿಂತೇ ಗಿಡ ಬಾಯಾರಿ ಸಾಯುತ್ತೆ. ಜೊತೆಗೆ ಒಳಗೆ ಸೇರಿದ ಉಪ್ಪು ಎಲೆಯನ್ನೂ ಸುಡುತ್ತೆ.

ಹಾಗಾದರೆ ಕಗ್ಗ ಹೇಗೆ ಬದುಕುತ್ತೆ? ಕಗ್ಗ ಬೇರೆ ತಳಿಗಳಿಗಿಂತ ಜಾಸ್ತಿ ಉಪ್ಪು ತಡೆದುಕೊಳ್ಳುತ್ತೆ, ಅದು ನಿಜ. ಆದರೆ ಸಮುದ್ರದ ನೀರನ್ನೇ ಕುಡಿದು ಬೆಳೆಯುತ್ತೆ ಅನ್ನುವುದು ಆ ಕಾಲು ಭಾಗದ ಬಿಲ್ಡಪ್ಪು. ಅರ್ಧ ಕೆಲಸ ಮಾಡುವುದು ಮಳೆ ಮತ್ತು ಒಂದು ಮರದ ಬಾಗಿಲು.

[ಗ್ರಾಫಿಕ್: ಗದ್ದೆ, ಕಟ್ಟ, ತೂಬು, ನದಿ.]

ಮೇ ತಿಂಗಳಲ್ಲಿ ಗಜನಿಯ ಮಣ್ಣು ಉಪ್ಪುಪ್ಪು. ಜೂನ್‌ನಲ್ಲಿ ಕರಾವಳಿಯ ಮಳೆ ಶುರು. ನಮ್ಮ ಮಾರತ್ತಹಳ್ಳಿ ಸೇತುವೆ ಕೆಳಗೆ ನಿಲ್ಲುವ ಮಳೆ ಅಲ್ಲ, ದಿನಗಟ್ಟಲೆ ಬಿಡದೆ ಹೊಡೆಯುವ ಮಳೆ. ಅದು ಮಣ್ಣಿನ ಉಪ್ಪನ್ನು ತೊಳೆಯುತ್ತೆ. ಇಳಿತ ಆದಾಗ ತೂಬಿನ ಬಾಗಿಲು ತೆಗೆದು ಉಪ್ಪು ಬೆರೆತ ನೀರನ್ನು ಹೊರಗೆ ಬಿಡುತ್ತಾರೆ. ಉಬ್ಬರ ಬರುವಾಗ ಮುಚ್ಚುತ್ತಾರೆ. ಉಪ್ಪು ಸಾಕಷ್ಟು ಇಳಿದಿದೆ ಅನ್ನಿಸಿದಾಗ ಬಿತ್ತನೆ. ಮಧ್ಯೆ ನೆರೆ ಬಂದರೂ ಕಗ್ಗದ ಕಾಂಡ ಉದ್ದ, ತಲೆ ಮೇಲೆ ಇಟ್ಟುಕೊಂಡು ನಿಂತಿರುತ್ತೆ. ಗೊಬ್ಬರ ಹಾಕುವ ರೂಢಿ ಇಲ್ಲ. ನದಿ ತರುವ ಹೂಳೇ ಗೊಬ್ಬರ. ಅಕ್ಟೋಬರ್, ನವೆಂಬರ್‌ಗೆ ಕೊಯ್ಲು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಮೇಲಿನ ಭಾಗ. ಕೊಯ್ಲಿನಲ್ಲಿ ತೆನೆ ಕೊಯ್ದು ಕೂಳೆಯನ್ನು, ಅಂದರೆ ಉಳಿದ ದಂಟನ್ನು, ಅಲ್ಲೇ ಬಿಡುತ್ತಾರೆ. ತೂಬು ತೆಗೆಯುತ್ತಾರೆ. ಉಪ್ಪುನೀರು ಒಳಗೆ ಬರುತ್ತೆ, ಅದರ ಜೊತೆ ಸಣ್ಣ ಮೀನು, ಶೆಟ್ಲಿ. ಶೆಟ್ಲಿ ಅಂದರೆ ನಮ್ಮ ಸಿಗಡಿ. ಕೂಳೆ ಕೊಳೆಯುತ್ತೆ, ಶೆಟ್ಲಿ ಅದರಲ್ಲಿ ತಿಂದು ಬೆಳೆಯುತ್ತೆ. ಶೆಟ್ಲಿಯ ಕಸ ಮುಂದಿನ ವರ್ಷದ ಭತ್ತಕ್ಕೆ ಗೊಬ್ಬರ. ಅದೇ ಗದ್ದೆ, ಅರ್ಧ ವರ್ಷ ಅನ್ನ, ಅರ್ಧ ವರ್ಷ ಸಾರು! ಇದಕ್ಕೆ ಸ್ಟಾರ್ಟಪ್‌ನವರು ಏನೇನೋ ಹೆಸರಿಟ್ಟು ಕೋರಮಂಗಲದಲ್ಲಿ ಫಂಡಿಂಗ್ ಕೇಳುತ್ತಿದ್ದರು. ಇಲ್ಲಿ ಅಜ್ಜ ಮುತ್ತಜ್ಜ ಮಾಡಿಟ್ಟಿದ್ದಾರೆ.

ಬರೀ ಕರ್ನಾಟಕದ್ದು ಅಂತ ಎದೆ ತಟ್ಟಿಕೊಳ್ಳಬೇಡಿ. ಕೇರಳದಲ್ಲಿ ಪೊಕ್ಕಾಳಿ ಇದೆ, ಗೋವಾದಲ್ಲಿ ಕೊರ್ಗುಟ್ ಇದೆ. ಕಗ್ಗಕ್ಕೆ ಇಬ್ಬರೂ ದಾಯಾದಿಗಳು.

[ಕಟ್. ತದಡಿ ಕಡೆ ಹೋಗುವ ದೋಣಿಯ ದೃಶ್ಯ.]

ಈಗ ಗೈಡ್ ವಿಷಯ. ದಾರಿ ಮೊಬೈಲ್‌ನಲ್ಲೇ ಕಾಣುತ್ತೆ, ಗೈಡ್ ಯಾಕೆ ಅಂತ ಕೇಳುವವರಿಗೆ ಒಂದು ಲೆಕ್ಕ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ, ಚಂದ್ರನ ಓಟ ಹಾಗಿದೆ. ಏಳು ದಿನಕ್ಕೆ ಎಷ್ಟಾಯಿತು? 350 ನಿಮಿಷ. ಹತ್ತಿರ ಹತ್ತಿರ ಆರು ಗಂಟೆ. ಅಂದರೆ ಈ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇಳಿತ ಇದ್ದರೆ, ಮುಂದಿನ ಶನಿವಾರ ಅದೇ ಒಂಬತ್ತಕ್ಕೆ ಉಬ್ಬರ! ಈ ವಾರ ನಿಮ್ಮ ಸ್ನೇಹಿತ ಕಲ್ಲಿನ ಮೇಲೆ ಆರಾಮಾಗಿ ದಾಟಿ ರೀಲ್ ಹಾಕಿದ ಜಾಗ, ಮುಂದಿನ ವಾರ ನೀವು ಹೋದಾಗ ಅಲೆಯ ಬಾಯಲ್ಲಿ ಇರುತ್ತೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇನ್ನೂ ಜೋರು. ಬೆಂಗಳೂರಿನಿಂದ ಬರುವವರಿಗೆ ಇದ್ದಿದ್ದೇ ಶುಕ್ರವಾರ ರಾತ್ರಿ, ಶನಿವಾರ, ಭಾನುವಾರ. ಕಡಲಿಗೆ ವೀಕೆಂಡ್ ಗೊತ್ತಿಲ್ಲ. ಎಲ್ಲಾ ವಾರಕ್ಕೂ ಒಂದೇ ಟೈಮ್‌ಟೇಬಲ್ ಕಳಿಸುವ ಪ್ಯಾಕೇಜ್ ಕಂಡರೆ ನನಗೆ ಮೊದಲೇ ಅನುಮಾನ.

ಒಂದು ಗುಂಪಿನ ಜೊತೆ ನಾನು ಹೋಗಿದ್ದಾಗ "ಕರಾವಳಿ ರುಚಿ" ಅಂತ ಹೇಳಿ ಮಧ್ಯಾಹ್ನ ಕೊಟ್ಟದ್ದು ಗೋಬಿ ಮಂಚೂರಿ. ಗೋಬಿ ಒಳ್ಳೆಯದಿತ್ತು, ಸುಳ್ಳು ಹೇಳಲ್ಲ. ಆದರೆ ಅದಕ್ಕೆ ಕಡಲತೀರದ ತನಕ ನಡೆಯಬೇಕಾಗಿರಲಿಲ್ಲ, ಮಲ್ಲೇಶ್ವರ ಎಂಟನೇ ಕ್ರಾಸ್ ಸಾಕಿತ್ತು.

ನಿಜವಾದ ರುಚಿಯೂ ಉಬ್ಬರ ಇಳಿತದ ಮೇಲೇ ನಿಂತಿದೆ. ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವ ಜಾಗದಲ್ಲಿ, ಹೆಂಗಸರು, ಗಂಡಸರು ನೀರಿಗೆ ಇಳಿದು ಬೆಳಚು ಹೆಕ್ಕುತ್ತಾರೆ. ಬೆಳಚು ಅಂದರೆ ಚಿಪ್ಪಿನ ಮೀನು, ಮಂಗಳೂರಿನ ಕಡೆಯ ಮರ್ವಾಯಿ. ಕಣ್ಣಿಗೆ ಏನೂ ಕಾಣಲ್ಲ. ಕಾಲಿನ ಬೆರಳಲ್ಲಿ ಕೆಸರು ಕೆದಕುತ್ತಾರೆ, ಗಟ್ಟಿ ತಾಗಿದರೆ ಬಗ್ಗಿ ಎತ್ತಿ ಬುಟ್ಟಿಗೆ ಹಾಕುತ್ತಾರೆ. ಬುಟ್ಟಿ ತುಂಬಿಕೊಂಡು ದಡಕ್ಕೆ ಬಂದ ಒಬ್ಬರನ್ನು ಕೇಳಿದೆ, "ಅಮ್ಮಾ, ಕಲ್ಲು ಯಾವುದು, ಬೆಳಚು ಯಾವುದು ಅಂತ ಕಾಲಿಗೆ ಹೇಗೆ ಗೊತ್ತಾಗುತ್ತೆ?" ಅವರು ನನ್ನ ಶೂ ನೋಡಿದರು. "ಅದ್ನ ಬಿಚ್ಚಿ ಇಳಿ ತಮಾ, ಗೊತ್ತಾಗ್ತದೆ" ಅಂದರು. ಕ್ಯಾಮೆರಾ ಹಿಡಿದವನು ನಗುತ್ತಾ ಇದ್ದ, ಅದಕ್ಕೇ ಆ ದೃಶ್ಯ ಅಲುಗಾಡುತ್ತಿದೆ.

[ಅಲುಗಾಡುವ ದೃಶ್ಯ. ಹಾಗೇ ಇರಲಿ.]

ಈಗ ಸ್ವಲ್ಪ ಖಾರದ ಮಾತು. ಇಷ್ಟೆಲ್ಲ ಇಲ್ಲಿ ಉಳಿದಿರುವುದಕ್ಕೆ ದೊಡ್ಡ ಕಾರಣ, ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತನ್ನ ಪಾಡಿಗೆ ಸಮುದ್ರಕ್ಕೆ ಬರುತ್ತೆ. ಮಳೆಗಾಲದಲ್ಲಿ ಸಿಹಿನೀರು ಜಾಸ್ತಿ, ಬೇಸಿಗೆಯಲ್ಲಿ ಉಪ್ಪು ಜಾಸ್ತಿ. ಬೆಳಚಿಗೂ ಕಗ್ಗಕ್ಕೂ ಈ ತಾಳವೇ ಬೇಕು.

ಪಕ್ಕದ ಹೊನ್ನಾವರದಲ್ಲಿ ಶರಾವತಿ ಇದೆ. 1964ರಲ್ಲಿ ಅದಕ್ಕೆ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಕರೆಂಟ್ ತೆಗೆದು ಬಿಟ್ಟ ನೀರು ಬೇಸಿಗೆಯಲ್ಲೂ ಹರಿಯುತ್ತೆ. ಅದರಿಂದ ಅಳಿವೆಯಲ್ಲಿ ಉಪ್ಪಿನ ಅಂಶ ಇಳಿದು ಚಿಪ್ಪಿನ ಮೀನು ಬಹಳ ಕಡಿಮೆಯಾಗಿದೆ ಅಂತ ನಮ್ಮ ಐಐಎಸ್‌ಸಿ ವಿಜ್ಞಾನಿಗಳೇ ಅಧ್ಯಯನ ಮಾಡಿ ಹೇಳಿದ್ದಾರೆ. ಆ ಕರೆಂಟಿನಲ್ಲಿ ಬೆಂಗಳೂರಿಗೂ ಪಾಲು ಬಂದಿದೆ. 2019ರಲ್ಲಿ ಶರಾವತಿ ನೀರನ್ನೇ ಬೆಂಗಳೂರಿಗೆ ತರುವ ಮಾತು ಎದ್ದು ಶಿವಮೊಗ್ಗ ಬಂದ್ ಆಯಿತು. ಈಗ ಅಘನಾಶಿನಿಯನ್ನು ವೇದಾವತಿ ನದಿಗೆ ಜೋಡಿಸುವ ಪ್ರಸ್ತಾಪ ಇದೆ, ಶಿರಸಿ ಕಡೆ ಜೋರು ವಿರೋಧವೂ ಇದೆ. ನಾನು ಯಾವ ಕಡೆ ಅಂತ ಕೇಳಬೇಡಿ, ಗಂಜಿ ಬಟ್ಟಲು ಮುಂದೆ ಇಟ್ಟುಕೊಂಡು ಕೂತಿದ್ದೇನೆ. ವಿಚಿತ್ರ ಅಂದರೆ, ಇದೇ ಅಳಿವೆ, 4,801 ಹೆಕ್ಟೇರ್, ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿಯಲ್ಲಿ ಬಂತು. ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಬೋರ್ಡೂ ಬೇಕು, ನೀರೂ ಬೇಕು!

[ಎಡಿಟರ್ ಗಡಿಯಾರ ತೋರಿಸುತ್ತಿದ್ದಾನೆ.]

ಸರಿ ಸರಿ, ಉಳಿದದ್ದನ್ನು ಒಂದೇ ಉಸಿರಿಗೆ. ಗಂಜಿಗೆ ಉಪ್ಪು ಸಾಣಿಕಟ್ಟೆಯದು ಕೇಳಿ, ಗೋಕರ್ಣದ ಪಕ್ಕದಲ್ಲೇ ಉಪ್ಪಿನ ಆಗರ ಇದೆ. ಈ ಕರಾವಳಿಯಲ್ಲಿ ಉಪ್ಪು ಅಂದರೆ ಬರೀ ರುಚಿ ಅಲ್ಲ, 1930ರಲ್ಲಿ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಕುಮಟಾದ ಸಿಹಿ ಈರುಳ್ಳಿ ಬೇಸಿಗೆಯಲ್ಲಿ ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗುಹಾಕಿರುತ್ತಾರೆ, ಹಸಿಯಾಗೇ ತಿನ್ನಬಹುದು. ಆಲೆಮನೆ ಸಮಯವಾದರೆ ತೊಡದೇವು ಬಿಡಬೇಡಿ, ಬಿಸಿ ಮಡಿಕೆಯ ಬೆನ್ನ ಮೇಲೆ ಕಬ್ಬಿನ ಹಾಲು, ಅಕ್ಕಿ ಹಿಟ್ಟು ಬಳಿದು ಕಾಗದದಂತೆ ಎಬ್ಬಿಸುತ್ತಾರೆ. ಮೇ ತಿಂಗಳಲ್ಲಿ ಹೋದರೆ ಕರಿ ಇಶಾಡು ಮಾವು, 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆದರೆ ಮೇ ಬಿಸಿಲಿನಲ್ಲಿ ಆ ಗುಡ್ಡ ಹತ್ತುವವರಿಗೆ ಮಾವಿನಹಣ್ಣಲ್ಲ, ಗ್ಲೂಕೋಸ್ ಬೇಕು. ಮೀನು ತಿನ್ನದವರಿಗೆ ಅಪ್ಪೆಹುಳಿ, ತಂಬುಳಿ, ಮುರುಗಲು ಪಾನಕ ಇದ್ದೇ ಇದೆ. ಮಳೆಗಾಲದಲ್ಲಿ ಹೋಗಲೇಬೇಡಿ, ಬಂಡೆ ಜಾರುತ್ತೆ, ಕಡಲು ಕೆರಳಿರುತ್ತೆ. ಜೂನ್, ಜುಲೈ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಹೊಸ ಕಗ್ಗ ಮನೆಗೆ ಬಂದಿರುತ್ತೆ.

ಬುಕ್ ಮಾಡುವ ಮೊದಲು ಪ್ಯಾಕೇಜ್‌ನವರಿಗೆ ಫೋನ್ ಮಾಡಿ ಕೇಳಿ: ಗೈಡ್ ಯಾವ ಊರಿನವರು, ನಾವು ಬರುವ ದಿನ ಉಬ್ಬರ ಎಷ್ಟು ಗಂಟೆಗೆ, ಅಡುಗೆ ಯಾರ ಮನೆಯಲ್ಲಿ. "ಅಲ್ಲಿ ಹೋದ ಮೇಲೆ ನೋಡೋಣ ಸರ್" ಅಂದರೆ ಫೋನ್ ಇಟ್ಟುಬಿಡಿ. ಅಡುಗೆ ಮಾಡುವ ಮನೆಯವರಿಗೆ ದುಡ್ಡಿನಲ್ಲಿ ಎಷ್ಟು ಹೋಗುತ್ತೆ ಅಂತಲೂ ಕೇಳಿ. ಮುಜುಗರ ಬೇಡ, ಒಳ್ಳೆಯವರು ನೇರವಾಗಿ ಹೇಳುತ್ತಾರೆ.

ಮುಂದಿನ ವಿಡಿಯೋ ಬೆಂಗಳೂರಿನ ಟೊಮೆಟೊ ರೇಟು ಯಾಕೆ ಹೀಗೆ ಕುಣಿಯುತ್ತೆ ಅನ್ನುವುದರ ಬಗ್ಗೆ. ಭಾನುವಾರ ಬರುತ್ತೆ.

[ಎಂಡ್ ಕಾರ್ಡ್.]